ಕರೆಂಟ್ ಇದ್ದಾಗಲೇ ನಿಂತ ಮಗ್ಗ

ನಮ್ಮ ಬನಹಟ್ಟಿಯ ಓಣಿಯಿಂದ ಒಬ್ಬ ಹುಡುಗಿ ಕಾಲೇಜಿಗೆ ಹೊರಟರೆ ಅವಳ ಹಿಂದೆ ಇಡೀ ಓಣಿಯ ಕಣ್ಣು ಬಸ್ಸು ಹತ್ತುತ್ತದೆ. ಯಾವ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ಯಾರಿದ್ದರು, ಇಳಿಯುವಾಗ ಯಾರ ಕಡೆ ನೋಡಿದಳು, ಎಲ್ಲವೂ ಸಂಜೆಯೊಳಗೆ ಮನೆಗೆ ಬಂದು ಮುಟ್ಟುತ್ತದೆ. ಎಷ್ಟೋ ಸಲ ಹುಡುಗಿಗಿಂತ ಮೊದಲು ಅವಳ ಸುದ್ದಿಯೇ ಮನೆ ಸೇರಿರುತ್ತದೆ. ನಿಮ್ಮ ಊರಿನಲ್ಲೂ ಹೀಗೇ ಇರಬಹುದು.

ನಾನು ಮಂಗಲಾ, ಕಾಶಪ್ಪ ಮಾವನವರ ಮನೆಯ ಸೊಸೆ. ನನ್ನ ಗಂಡ ವೀರಣ್ಣ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳಿವೆ. ಮಾವ ಮತ್ತು ನನ್ನ ಗಂಡ ಸೀರೆ ನೇಯುತ್ತಾರೆ. ನಾನು ಕಂಡಿಕೆ ಸುತ್ತುತ್ತೇನೆ, ಅಂದರೆ ಮಗ್ಗದ ಲಾಳಿಯೊಳಗೆ ಇಡುವ ಸಣ್ಣ ಕೋಲಿಗೆ ನೂಲು ಸುತ್ತುವ ಕೆಲಸ. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ನನ್ನ ನಾದಿನಿ ಪೂರ್ಣಿಮಾ ಜಮಖಂಡಿಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಾಳೆ. ಈ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ.

ಒಂದು ಮಂಗಳವಾರ ಸಂಜೆ ಎದುರು ಮನೆಯ ಗುರುಬಸವ್ವ ಕೈಯಲ್ಲಿ ಚೀಲ ಹಿಡಿದುಕೊಂಡೇ ನಮ್ಮ ಕಟ್ಟೆಗೆ ಬಂದಳು. ಅತ್ತೆ ರುಕ್ಮವ್ವ ಜೋಳ ಹಸನು ಮಾಡುತ್ತಿದ್ದರು.

"ರುಕ್ಮವ್ವಾ, ಇವತ್ತ ನಿನ್ನ ಮಗಳಿಗೆ ಸೂಟಿ ಇತ್ತೇನ?"

"ಇಲ್ಲಲ್ಲ. ಯಾಕ?"

"ಏನಿಲ್ಲ ಬಿಡು. ಸುಮ್ಮ ಕೇಳಿದೆ."

ಗುರುಬಸವ್ವ ಸುಮ್ಮನೆ ಏನನ್ನೂ ಕೇಳುವವಳಲ್ಲ. ಅತ್ತೆ ಮೊರ ಕೆಳಗಿಟ್ಟರು.

"ಹೇಳಬೇ. ಹೊಟ್ಟ್ಯಾಗ ಯಾಕ ಇಟಗೋತಿ?"

"ನಾ ಕಣ್ಣಿನ ದವಾಖಾನಿಗೆ ಜಮಖಂಡಿಗೆ ಹೋಗಿದ್ನೆಲ್ಲಾ, ಹೋಗುವಾಗ ನೋಡಿದೆ, ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ಲು. ಬರುವಾಗ ನೋಡಿದೆ, ಅಲ್ಲೇ ಕುಂತಿದ್ಲು. ಈಗ ಕಾಲೇಜ ಏನ ಬಸ್ ಸ್ಟ್ಯಾಂಡಿನ್ಯಾಗ ನಡಸಾಕತ್ತಾರೇನು?"

"ಯಾರ ಕೂಡ ಕುಂತಿದ್ಲು?"

"ಒಬ್ಬಾಕೀನ. ಅದನ್ನ ನೋಡೇ ನನಗ ಸಂಶೇ ಬಂತು. ಒಬ್ಬಾಕೀನ ಕುಂತಾಳಂದ್ರ ಯಾರದರ ದಾರಿ ನೋಡಾಕತ್ತಾಳಂತ ಅಲ್ಲೇನು?"

ಒಳಗಿನಿಂದ ಮಾವ ಕೇಳಿದರು, "ಕಣ್ಣು ಕಾಣವಲ್ವಂತ ದವಾಖಾನಿಗೆ ಹೋದಾಕಿ ನೀನ ಅಲ್ಲೇನವಾ?"

"ದೂರಿಂದು ಚಂದ ಕಾಣತೈತಿ ಕಾಶಣ್ಣ. ಬರೇ ಸೂಜಿಗೆ ದಾರ ಪೋಣಸಾಕ ಆಗೂದಿಲ್ಲ," ಎಂದು ಗುರುಬಸವ್ವ ಹೊರಟುಹೋದಳು.

ಅಂದಿನಿಂದ ನಮ್ಮ ಮನೆಯಲ್ಲಿ ಸಂಶಯ ಒಂದು ಮೂಲೆ ಹಿಡಿದು ಕುಳಿತಿತು. ಪೂರ್ಣಿಮಾ ಬಂದಾಗ ಅತ್ತೆ ಅವಳ ಮುಖಕ್ಕಿಂತ ಮೊದಲು ಚಪ್ಪಲಿ ನೋಡಿದರು. ಆಮೇಲೆ ಡಬ್ಬಿ ತೆಗೆದು ನೋಡಿದರು. ಬೆಳಿಗ್ಗೆ ಕಟ್ಟಿದ ರೊಟ್ಟಿ ಪಲ್ಯ ಹಾಗೇ ಇತ್ತು.

"ಯಾಕ ಉಂಡಿಲ್ಲ?"

"ಹಸಿವಿರಲಿಲ್ಲ."

"ಹೊರಗ ಏನರ ತಿಂದೇನು? ಯಾರರ ಕೊಡಿಸಿದ್ರೇನು?"

ಪೂರ್ಣಿಮಾ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಉತ್ತರ ಕೊಡದವರ ಮೇಲೆ ಸಂಶಯ ಇನ್ನೂ ಹೆಚ್ಚು ಬೆಳೆಯುತ್ತದೆ.

ಡಬ್ಬಿ ತಿರುಗಿ ಬರುತ್ತಿರುವುದನ್ನು ನಾನು ಅದಕ್ಕೂ ಮೊದಲೇ ಗಮನಿಸಿದ್ದೆ. ಇನ್ನೊಂದನ್ನೂ ಗಮನಿಸಿದ್ದೆ. ಮಗ್ಗ ನಡೆಯುವಾಗ ನಮ್ಮ ಶೆಡ್ಡಿನಲ್ಲಿ ಮಾತು ಕೇಳುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಒದರಬೇಕು. ಇಲ್ಲವೇ ಕೈಸನ್ನೆ ಮಾಡಬೇಕು. ದೂರದಲ್ಲಿದ್ದರೆ ತುಟಿ ನೋಡಿಯೇ ತಿಳಿದುಕೊಳ್ಳಬೇಕು. "ಉಣ್ಣಾಕ ಬಾ", "ನೂಲು ಹರದೈತಿ", ಇವೆಲ್ಲ ನನಗೆ ತುಟಿಯಲ್ಲೇ ಗೊತ್ತಾಗುತ್ತವೆ. ಪೂರ್ಣಿಮಾ ಕಾಲೇಜಿನಿಂದ ಬಂದವಳು ಶೆಡ್ಡಿನ ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಅವಳ ತುಟಿ ಒಂದೇ ಸಮನೆ ಆಡುತ್ತಿತ್ತು. ನಾನು ಓರೆಯಿಂದ ಎಷ್ಟು ನೋಡಿದರೂ ಅದರಲ್ಲಿ ನಮ್ಮ ಮನೆಯ ಒಂದು ಮಾತೂ ಸಿಗಲಿಲ್ಲ.

ನನ್ನ ಗಂಡ ಇದನ್ನು ನೋಡಿಬಿಟ್ಟರು.

"ಕಿವ್ಯಾಗ ಆ ಸಣ್ಣ ಗುಂಡಿ ಹಾಕ್ಕೊಂಡು ಫೋನಿನ್ಯಾಗ ಮಾತಾಡಾಕತ್ತಾಳ. ಇಲ್ಲಿ ಯಾರಿಗೂ ಕೇಳಂಗಿಲ್ಲಂತ ಅಕೀಗೆ ಗೊತ್ತೈತಿ. ಎಷ್ಟ ಶಾಣ್ಯಾ ಆಗ್ಯಾಳ ನೋಡು."

ಅತ್ತೆ ಅವಳ ಫೋನು ತೆಗೆಸಿದರು. ಅದರಲ್ಲಿ ಮತ್ತೆ ಮತ್ತೆ ಬಂದ ಒಂದೇ ಹೆಸರು, ವೈಶಾಲಿ. ಪೂರ್ಣಿಮಾ ಒಂದು ಕರೆಯನ್ನೂ ಎತ್ತಿರಲಿಲ್ಲ.

"ಇಕಿ ಯಾರು?"

"ನಮ್ಮ ಕ್ಲಾಸಿನಾಕಿ. ಸಾವಳಗಿಯಾಕಿ."

"ಮತ್ತ ಯಾಕ ಎತ್ತಿಲ್ಲ?"

ನನ್ನ ಗಂಡ ನಿಧಾನವಾಗಿ ಹೇಳಿದರು, "ಹುಡುಗನ ನಂಬರಿಗೆ ಹುಡುಗಿ ಹೆಸರು ಇಡತಾರಬೇ. ಎಲ್ಲಾರೂ ಹಂಗ ಮಾಡತಾರ." ಅವರೇ ಆ ನಂಬರಿಗೆ ಫೋನು ಹಚ್ಚಿದರು. ಆ ಕಡೆ ಹೆಣ್ಣು ದನಿ ಬಂತು. ಇವರು ಗಾಬರಿಯಾಗಿ ಕಟ್ ಮಾಡಿಬಿಟ್ಟರು.

"ಹುಡುಗೀನ ಎತ್ತಿದ್ಲು."

"ಅಂವನ ತಂಗಿ ಕಡಿಂದ ಎತ್ತಿಸಿರತಾನ," ಎಂದರು ಅತ್ತೆ.

ಮುಧೋಳದ ಕಡೆಯಿಂದ ಪೂರ್ಣಿಮಾಳಿಗೆ ಒಂದು ಸಂಬಂಧ ಬಂದಿತ್ತು. ಬಿ.ಎ. ಮುಗಿಯಲಿ ಎಂದು ಮಾವ ಅದನ್ನು ತಡೆದಿದ್ದರು. ಅತ್ತೆ ಆ ಮಾತನ್ನು ಮತ್ತೆ ಎತ್ತಿದರು. "ಇದ ತಿಂಗಳಾಗ ಬಂದು ನೋಡಿಕೊಂಡು ಹೋಗಲಿ ಅವರು. ಕಾಲೇಜ ಸಾಕು. ಹೆಸರು ಕೆಟ್ಟ ಮ್ಯಾಲೆ ಬಿ.ಎ. ತಗೊಂಡು ಏನ ಮಾಡೂದೈತಿ?" ಮಾವ ಎದ್ದು ಮಗ್ಗದ ಕಡೆ ಹೋದರು. ಪೂರ್ಣಿಮಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳ ಓದು ಅಲ್ಲಿಗೆ ಮುಗಿದಂತೆಯೇ ಇತ್ತು.

ಆದರೂ ಕೊನೆಯ ಸಲ ಖಾತ್ರಿ ಮಾಡಿಕೊಳ್ಳಬೇಕೆಂದು ಅತ್ತೆ ನನ್ನನ್ನು ಕರೆದರು. "ನೀ ಅಕಿ ಹಿಂದ ಹೋಗು. ಅಕೀಗೆ ಗೊತ್ತಾಗಬಾರದು. ಅಂವ ಯಾರು, ಹೆಂಗದಾನ, ಎಲ್ಲಿಂದ ಬರತಾನ, ಎಲ್ಲಾ ನೋಡಿಕೊಂಡು ಬಾ."

ನಾನು ಒಬ್ಬಳೇ ಜಮಖಂಡಿಗೆ ಹೋದವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿಂದಿನ ಬಾಗಿಲಿನಿಂದ ಅದೇ ಬಸ್ಸು ಹತ್ತಿದೆ. ಜಮಖಂಡಿಯಲ್ಲಿ ಪೂರ್ಣಿಮಾ ಇಳಿದು ಕಾಲೇಜಿನ ದಾರಿ ಹಿಡಿದಳು. ನಾನು ದೂರದಿಂದ ಹಿಂಬಾಲಿಸಿದೆ. ಗೇಟಿನ ತನಕ ಸರಿಯಾಗಿ ಹೋದಳು. ಅಲ್ಲಿ ನಿಂತಳು. ಹುಡುಗರು ಹುಡುಗಿಯರು ಅವಳನ್ನು ದಾಟಿಕೊಂಡು ಒಳಗೆ ಹೋಗುತ್ತಿದ್ದರು. ಅವಳು ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು. ಗಂಟೆ ಬಾರಿಸಿತು. ಅವಳು ತಿರುಗಿದಳು. ನಾನು ಒಂದು ಬೇಕರಿಯೊಳಗೆ ನುಗ್ಗಿ ಬಚಾವಾದೆ.

ಅವಳು ನೇರವಾಗಿ ಬಸ್ ಸ್ಟ್ಯಾಂಡಿಗೆ ಬಂದು ಹೆಂಗಸರ ಬೆಂಚಿನ ಮೇಲೆ ಕುಳಿತಳು. ನಾನು ಕಂಬದ ಮರೆಯಲ್ಲಿ ಕುಳಿತೆ. ಈಗ ಬರುತ್ತಾನೆ, ಆಗ ಬರುತ್ತಾನೆ ಎಂದು ನಾನೂ ದಾರಿ ನೋಡಿದೆ. ಒಬ್ಬ ಹುಡುಗ ಬಂದು ಅವಳ ಹತ್ತಿರ ನಿಂತಾಗ ನಾನು ಕಂಬದ ಆಚೆ ಕತ್ತು ಚಾಚಿದೆ. ಅವನು ಲೋಕಾಪುರದ ಬಸ್ಸು ಯಾವುದೆಂದು ಕೇಳಿ ಹೋದ. ಮಧ್ಯಾಹ್ನವಾಯಿತು. ಅವಳು ಡಬ್ಬಿ ತೆಗೆದಳು, ನೋಡಿದಳು, ಮುಚ್ಚಿ ಒಳಗಿಟ್ಟಳು. ಸಂಜೆಯ ತನಕ ಯಾರೂ ಬರಲಿಲ್ಲ. ಕಾಲೇಜು ಬಿಡುವ ಹೊತ್ತಿಗೆ ಅವಳು ಎದ್ದು ನಮ್ಮೂರ ಬಸ್ಸು ಹತ್ತಿದಳು.

ನಾನು ಬಂದು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ಯಾರೂ ಬರಲಿಲ್ರಿ ಅತ್ತಿ."

"ಇವತ್ತ ಬಂದಿಲ್ಲ, ಅಷ್ಟ," ಎಂದರು ಅತ್ತೆ. "ಇಲ್ಲಾ ನಿನ್ನ ನೋಡಿ ಓಡಿಹೋಗ್ಯಾನ."

ಸಂಶಯಕ್ಕೆ ಏನು ತಿನ್ನಿಸಿದರೂ ಅದು ದಪ್ಪಗಾಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಹುಡುಗ ಬಂದಿದ್ದರೆ ಅದೂ ತಪ್ಪು. ಬರದಿದ್ದರೆ ಅದೂ ತಪ್ಪು.

ಮಾರನೆಯ ದಿನ ಸಂಜೆ ಪೂರ್ಣಿಮಾ ಎಂದಿನಂತೆ ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಗ್ಗಗಳು ಜೋರಾಗಿ ನಡೆದಿದ್ದವು. ನನ್ನ ಗಂಡ ಅತ್ತೆಗೆ ಸನ್ನೆ ಮಾಡಿ, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾ ಅವಳ ಹಿಂದೆ ಹೋದರು. ಕಿವಿಯೊಳಗಿನ ಗುಂಡಿ ಕಿತ್ತು ಹಿಡಿಯಬೇಕೆಂಬುದು ಅವರ ಲೆಕ್ಕ. ಕೈ ಚಾಚಿದ್ದರು, ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಹೋದರೆ ನಮ್ಮ ಓಣಿ ಒಮ್ಮೆಲೇ ಸ್ತಬ್ಧವಾಗುತ್ತದೆ. ಮಗ್ಗದ ಸದ್ದಿಗೆ ಏರಿಸಿದ ದನಿ ಮಾತ್ರ ಏರಿದಲ್ಲೇ ಇರುತ್ತದೆ. ಎಷ್ಟೋ ಮನೆಗಳ ಗುಟ್ಟುಗಳು ಹೀಗೇ ಬಯಲಾಗಿವೆ. ಅಂದು ಪೂರ್ಣಿಮಾಳ ದನಿ ಓಣಿಯ ಆ ತುದಿಯ ತನಕ ಕೇಳಿತು.

"ಆದ್ದರಿಂದ, ಗೌರವಾನ್ವಿತ ಉಪನ್ಯಾಸಕರೇ ಮತ್ತು ನನ್ನ ಸಹಪಾಠಿಗಳೇ, ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದ ನೇಕಾರರ ಬದುಕಿನಲ್ಲಿ..."

ಅಲ್ಲಿಗೆ ನಿಂತಿತು. ಅವಳು ತಿರುಗಿ ನೋಡಿದರೆ ಹಿಂದೆ ಅಣ್ಣ, ಅವನ ಹಿಂದೆ ಅವ್ವ, ಮಗ್ಗದ ಬದಿಗೆ ಅಪ್ಪ. ಪಕ್ಕದ ಮನೆಯಿಂದ ಯಾರೋ ಕೂಗಿದರು, "ಯಾರಬೇ ಅದು? ಇಲೆಕ್ಷನ್ ಬಂತೇನು?"

ನನ್ನ ಗಂಡ ಅವಳ ಕಿವಿಯ ಮೇಲಿನ ಕೂದಲು ಸರಿಸಿದರು. ಓಲೆ ಬಿಟ್ಟರೆ ಏನೂ ಇರಲಿಲ್ಲ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಎದ್ದು ಹೋಗಿ ಅವಳ ಪಕ್ಕ ನಿಂತೆ. "ಏನಾತವಾ ಪೂರ್ಣಿ?" ಎಂದು ಕೇಳಿದೆ. ಇಷ್ಟು ದಿನ ನಾವೆಲ್ಲ ಅವಳನ್ನು ಯಾರು, ಎಲ್ಲಿ, ಯಾಕೆ ಎಂದು ಕೇಳಿದ್ದೆವು. ಏನಾಯಿತು ಎಂದು ಯಾರೂ ಕೇಳಿರಲಿಲ್ಲ.

"ವೈನಿ..." ಎಂದವಳು ಅಳತೊಡಗಿದಳು. ಅಳು ಇಳಿದ ಮೇಲೆ ಹೇಳಿದಳು.

"ಕಾಲೇಜಿನ್ಯಾಗ ಎಲ್ಲಾರೂ ಒಂದು ವಿಷಯದ ಮ್ಯಾಲೆ ಎದ್ದು ನಿಂತು ಮಾತಾಡಬೇಕು. ಸೆಮಿನಾರ್ ಅಂತಾರ ಅದಕ್ಕ. ನೀ ಬನಹಟ್ಟಿಯಾಕಿ, ಮಗ್ಗದ ಮ್ಯಾಲೆ ಮಾತಾಡು ಅಂದ್ರು ಮೇಡಂ. ನಾ ಎದ್ದು ಬಾಯಿ ತಗದೆ. ಈ ಶೆಡ್ಡಿನ್ಯಾಗ ಮಾತಾಡತೇವಲ್ಲ, ಅದ ದನಿ ಬಂತು ವೈನಿ. ಅಲ್ಲಿ ಫ್ಯಾನ್ ತಿರಗೂ ಸಪ್ಪಳ ಕೇಳತಿತ್ತು, ಅಷ್ಟ ಶಾಂತ ಇತ್ತು. ಮೇಡಂ ಕಿವಿ ಮುಚ್ಚಿಕೊಂಡು 'ನಿನಗ ಮೈಕ್ ಬ್ಯಾಡವಾ' ಅಂದ್ರು. ಎಲ್ಲಾರೂ ನಕ್ಕರು. ಹಿಂದಿನ ಬೆಂಚಿನ ಹುಡುಗರು 'ಖಟಾಖಟ್ ಖಟಾಖಟ್' ಅಂದ್ರು. ಸಣ್ಣಗ ಮಾತಾಡೂಣಂದ್ರ ದನಿನ ಹೊಂಡಲಿಲ್ಲ. ಕುಂತಬಿಟ್ಟೆ. ಅವತ್ತಿಂದ ನಾ ಎಲ್ಲಿ ಕಂಡ್ರೂ ಖಟಾಖಟ್ ಅಂತಾರ. ಗೇಟ್ ಕಂಡ್ರ ಕೈ ತಣ್ಣಗ ಆಗತಾವು. ಒಳಗ ಹೋಗಾಕ ಕಾಲ ಏಳೂದಿಲ್ಲ, ಡಬ್ಬಿ ತಗದ್ರ ಉಣ್ಣೂ ಮನಸ್ಸ ಆಗೂದಿಲ್ಲ. ನಾವು ಮಗ್ಗದ ಮಂದಿ, ನಮಗ ಅದೆಲ್ಲಾ ಆಗೂದಲ್ಲ ವೈನಿ."

ಮಾವ ಕಿವಿಯ ಹಿಂದೆ ಕೈ ಇಟ್ಟುಕೊಂಡು ಎಲ್ಲವನ್ನೂ ಕೇಳಿದರು. ಮಗ್ಗದ ಸದ್ದಿನಲ್ಲೇ ಬಾಳಿದ ಅವರಿಗೆ ಸ್ವಲ್ಪ ಮಂದ ಕೇಳುತ್ತದೆ.

"ದನಿಗೆ ನಕ್ಕರಾ?" ಎಂದರು. "ಅದು ನಿಂದಲ್ಲವಾ. ಈ ಶೆಡ್ಡಿನ ದನಿ. ನಂದೂ ಹಂಗ ಐತಿ."

ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಬರೇ ನಕ್ಕಿದ್ದಕ್ಕ ದಿನಾ ಉಪಾಸ ಕುಂಡರತಾರೇನು? ನಾ ನಂಬೂದಿಲ್ಲ. ಇದರ ಹಿಂದ ಮತ್ತೇನೋ ಐತಿ."

ಮುಂದಿನ ಭಾನುವಾರ ಒಬ್ಬ ಹುಡುಗಿ ಓಣಿಯಲ್ಲಿ ಕಾಶಪ್ಪನವರ ಮನೆ ಕೇಳಿಕೊಂಡು ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಕೈಯಲ್ಲಿ ಒಂದು ಚೀಲ ಹಸಿ ಶೇಂಗಾ.

"ನಾ ವೈಶಾಲಿರಿ. ಪೂರ್ಣಿಮಾ ಫೋನ್ ಎತ್ತವಲ್ಲಳು. ಮೊನ್ನೆ ಅಕಿ ಫೋನಿನಿಂದ ಯಾರೋ ಹಚ್ಚಿ, ಏನೂ ಮಾತಾಡದ ಇಟ್ಟರು. ನನಗ ಸಂಶೇ ಬಂತು. ಅದಕ್ಕ ಬಂದೆ."

ನನ್ನ ಗಂಡ ಎದ್ದು ಶೆಡ್ಡಿಗೆ ಹೋದರು. ಅತ್ತೆ ಅವಳನ್ನು ಕಟ್ಟೆಯ ಮೇಲೇ ಕೂರಿಸಿ ವಿಚಾರಣೆ ಶುರುಮಾಡಿದರು.

"ಸಾವಳಗ್ಯಾಗ ಯಾರ ಮಗಳು?"

"ಚನಮಲ್ಲಪ್ಪ ಅಂತರಿ. ಒಕ್ಕಲತನ ಮಾಡತೇವ್ರಿ."

"ಅಣ್ಣ ತಮ್ಮಂದಿರು?"

"ಇಲ್ರಿ. ಅಕ್ಕ ಒಬ್ಬಾಕಿ ಅದಾಳ್ರಿ."

"ಒಬ್ಬರೂ ಇಲ್ಲ? ಮನ್ಯಾಗ ಗಂಡಸರು?"

"ನಮ್ಮಪ್ಪ ಅದಾನ್ರಿ. ಮತ್ತ ಒಂದು ಜೋಡಿ ಎತ್ತು."

ಒಳಗೆ ನಾನು ನಗು ತಡೆಯಲು ಸೆರಗು ಬಾಯಿಗೆ ಹಿಡಿದೆ. ಅತ್ತೆ ನಗಲಿಲ್ಲ. ಆದರೆ ಅವಳನ್ನು ಒಳಗೆ ಬಿಟ್ಟರು.

ವೈಶಾಲಿ ಸುತ್ತಿ ಬಳಸಿ ಮಾತಾಡುವವಳಲ್ಲ. "ಪೂರ್ಣಿ, ಹಾಜರಿ ಇನ್ನೂ ಕಡಿಮಿ ಆದ್ರ ಪರೀಕ್ಷೆಗೆ ಕುಂಡ್ರಸೂದಿಲ್ಲಂತ. ಸೆಮಿನಾರಿಗೆ ಶುಕ್ರವಾರ ಕಡೀ ದಿನ. ನಾ ಮೇಡಂಗೆ ಕೇಳೀನಿ, ನಿನಗ ಅವತ್ತ ಮಾತಾಡಾಕ ಕೊಡತಾರ."

"ನನಗ ಆಗೂದಿಲ್ಲ."

"ನನಗೂ ಆಗತಿರಲಿಲ್ಲ. ಹೋದ ವರ್ಷ ನಾ ಮಾತಾಡೂ ದಿನ ವಾಂತಿ ಮಾಡಿಕೊಂಡು ಮನಿಗೆ ಓಡಿ ಹೋಗಿದ್ದೆ. ನೀವೆಲ್ಲಾ ಜ್ವರಾ ಅಂದ್ಕೊಂಡ್ರಿ. ಹೆದರಿಕಿ ಅದು. ಆಮ್ಯಾಲೆ ಹದಿನಾಲ್ಕು ನಾಲ್ಕುನೂರಾ ಹದಿನಾರಕ್ಕ ಫೋನ್ ಮಾಡಿದೆ."

"ಎಲ್ಲೀದದು?" ಅತ್ತೆಯ ಕಿವಿ ನೆಟ್ಟಗಾಯಿತು.

"ಸರಕಾರದ್ದರಿ. ಟೆಲಿ ಮಾನಸ್ ಅಂತಾರ. ಮನಸ್ಸಿಗೆ ತ್ರಾಸ ಆದಾಗ ಫೋನ್ ಮಾಡಬೇಕು. ಹಗಲೂ ರಾತ್ರಿ ಇರತಾರ. ರೊಕ್ಕ ಇಲ್ಲ. ಕನ್ನಡದಾಗ ಮಾತಾಡತಾರ."

"ಹುಚ್ಚರು ಮಾಡೂ ಫೋನ್ ಅಲ್ಲೇನವಾ ಅದು? ನಾಳೆ ಮುಧೋಳದವರ ಕಿವಿಗೆ ಬಿದ್ರ ಏನ ಹೇಳೂದು?"

"ಜ್ವರಾ ಬಂತಂತ ದವಾಖಾನಿಗೆ ಹೋದವರೆಲ್ಲಾ ಸಾಯಾಕ ಹೋಗಿರತಾರೇನ್ರಿ? ಹೆದರಿಕಿಗೂ ಹಂಗ. ಬೇಗ ಹೇಳಿದ್ರ ಬೇಗ ಕಡಿಮಿ ಆಗತೈತಿ. ಮುಚ್ಚಿಟ್ರ ಬೆಳಿತೈತಿ. ನಮ್ಮ ಮಾತು ಅವರು ಯಾರಿಗೂ ಹೇಳೂದಿಲ್ರಿ."

"ಯಾರಿಗೂ ಹೇಳೂದಿಲ್ಲ ಅಂದವರ ಎಲ್ಲಾರಿಗೂ ಹೇಳತಾರ. ಎದುರು ಮನ್ಯಾಗ ಒಬ್ಬಾಕಿ ಅದಾಳ, ನೋಡೀನಿ," ಎಂದರು ಅತ್ತೆ.

ಕೊನೆಗೆ ಎಲ್ಲರೂ ಕೇಳುವಂತೆ ಫೋನು ಹಚ್ಚಬೇಕು ಎಂಬ ಕರಾರಿನ ಮೇಲೆ ಒಪ್ಪಿದರು. ಆ ಕಡೆಯಿಂದ ಒಂದು ಹೆಣ್ಣುಮಗಳ ದನಿ ನಮಸ್ಕಾರ ಎಂದಿತು. ಪೂರ್ಣಿಮಾ ಬಾಯಿ ತೆರೆಯುವ ಮೊದಲೇ ಅತ್ತೆ ಫೋನು ಕಸಿದುಕೊಂಡರು.

"ಮೊದಲ ನೀವು ಹೇಳ್ರಿ. ನೀವು ಯಾರು? ಅಲ್ಲಿ ಗಂಡಸರು ಅದಾರೇನು?"

ಆ ಕಡೆಯವರು ಬೇಸರಪಡದೆ ಎಲ್ಲ ಹೇಳಿದರು. ಆಮೇಲೆ, "ಅಮ್ಮಾ, ಮಗಳ ಮೇಲೆ ನಿಮಗೆ ಕಾಳಜಿ ಇದೆ. ಈಗ ಫೋನನ್ನು ಅವಳ ಕೈಗೆ ಕೊಟ್ಟು ಸ್ವಲ್ಪ ಹೊತ್ತು ಹೊರಗೆ ಇರಿ," ಎಂದರು.

ಅತ್ತೆ ಫೋನು ಕೊಟ್ಟು ಹೊರಗೆ ಬಂದರು. ಬಂದವರು ಬಾಗಿಲಿಗೇ ಕಿವಿ ಹಚ್ಚಿ ನಿಂತರು. ಆದರೆ ಶೆಡ್ಡಿನಲ್ಲಿ ಮಗ್ಗ ನಡೆದಿತ್ತು. ಒಂದು ಮಾತೂ ಕೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಪೂರ್ಣಿಮಾ ಹೊರಗೆ ಬಂದಳು. ಮುಖ ತೊಳೆದುಕೊಂಡಳು. "ವೈನಿ, ರೊಟ್ಟಿ ಐತೇನ?" ಎಂದು ಕೇಳಿದಳು. ಅವಳು ತಾನಾಗಿ ಕೇಳಿ ಉಂಡು ಎಷ್ಟೋ ದಿನಗಳಾಗಿದ್ದವು.

ಉಣ್ಣುತ್ತಾ ಹೇಳಿದಳು. "ಹೆದರಿಕಿ ಪೂರಾ ಹೋದ ಮ್ಯಾಲೆ ಮಾತಾಡತೀನಿ ಅಂತ ಕುಂತ್ರ ಅದು ಹೋಗೂದಿಲ್ಲಂತ. ಹೆದರಿಕಿ ಇದ್ದಾಗನ ಸ್ವಲ್ಪ ಸ್ವಲ್ಪ ಮಾತಾಡಬೇಕಂತ. ಮೊದಲ ಒಬ್ಬರ ಮುಂದ, ಆಮ್ಯಾಲೆ ಮನಿ ಮಂದಿ ಮುಂದ. ಉಸುರು ಸಾವಕಾಶ ಬಿಡಬೇಕಂತ. ಮತ್ತ ಗದ್ದಲದಾಗ ಅಲ್ಲ, ಶಾಂತ ಜಾಗಾದಾಗ ನಿಂತು ಮಾತಾಡಿ ನೋಡು ಅಂದ್ರು. ಆದ್ರ ಶಾಂತ ಜಾಗ ಎಲ್ಲೈತಿ ವೈನಿ ನಮ್ಮ ಓಣ್ಯಾಗ?"

ಅದು ಖರೆ. ಹಗಲೆಲ್ಲ ನಮ್ಮಲ್ಲಿ ಮನೆ ಮನೆಗೂ ಮಗ್ಗ. ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾವ ಶೆಡ್ಡಿಗೆ ಹೋದರು. ಮೇನ್ ಸ್ವಿಚ್ ಕೆಳಗೆ ಎಳೆದರು. ನಮ್ಮ ಮಗ್ಗಗಳು ನಿಂತವು.

ನಾನು ಈ ಮನೆಗೆ ಬಂದ ಮೇಲೆ, ಕರೆಂಟ್ ಇದ್ದಾಗ ಮಾವ ಮಗ್ಗ ನಿಲ್ಲಿಸಿದ್ದನ್ನು ನೋಡಿರಲಿಲ್ಲ. ನಮ್ಮ ಓಣಿಯಲ್ಲಿ ಕರೆಂಟ್ ಇದ್ದೂ ಒಂದು ಮನೆಯ ಮಗ್ಗ ಒಮ್ಮೆಲೇ ನಿಂತರೆ ಅದಕ್ಕೆ ಒಂದೇ ಅರ್ಥ. ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಆಗ ಉಳಿದವರೂ ತಮ್ಮ ಮಗ್ಗ ನಿಲ್ಲಿಸಿ ಬರುವುದು ರೂಢಿ. ಮಾವನಿಗೆ ಇದು ನೆನಪಾಗಲಿಲ್ಲವೋ, ನೆನಪಾಗಿಯೇ ಮಾಡಿದರೋ ನನಗೆ ಇಂದಿಗೂ ಗೊತ್ತಿಲ್ಲ.

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದು ನಿಂತಿತು. ಹಾಗೇ ಒಂದೊಂದಾಗಿ ಓಣಿಯ ತುದಿಯ ತನಕ ಎಲ್ಲ ನಿಂತವು. ಎಲ್ಲೋ ಒಂದು ಕಾಗೆ ಕೂಗಿದ್ದು ಕೇಳಿತು. ಆಮೇಲೆ ಚಪ್ಪಲಿಗಳ ಸದ್ದು. ಎಲ್ಲರಿಗಿಂತ ಮುಂದೆ ಗುರುಬಸವ್ವ, ತಲೆಯ ಮೇಲೆ ಸೆರಗು ಹೊದ್ದು, ಬಾಗಿಲಿಗೆ ಬರುವ ಮೊದಲೇ ದನಿ ತೆಗೆದಿದ್ದಳು.

"ಅಯ್ಯೋ ಕಾಶಣ್ಣಾ, ನಿನ್ನೆ ಚಲೋನ ಮಾತಾಡಿದ್ದೆಲ್ಲೋ ನನ್ನಪ್ಪಾ..."

ಮಾವ ಪಡಸಾಲೆಯಲ್ಲಿ ಚಕ್ಕಳಗಾಲು ಹಾಕಿ ಕುಳಿತಿದ್ದರು. "ಅದೀನವಾ ಇನ್ನೂ," ಎಂದರು.

ಗುರುಬಸವ್ವ ಅಳು ಅರ್ಧಕ್ಕೆ ನಿಲ್ಲಿಸಿದಳು. "ಮತ್ತ ಯಾರು ಹೋದ್ರು?"

"ಯಾರೂ ಹೋಗಿಲ್ಲ. ಕುಂಡ್ರು. ನನ್ನ ಮಗಳು ಮಾತಾಡತಾಳ."

ಬಂದವರು ಮುಖ ಮುಖ ನೋಡಿಕೊಂಡರು. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಎಲ್ಲರ ಕಣ್ಣಿನಲ್ಲೂ ಇತ್ತು. ಅದನ್ನು ತಿಳಿಯದೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ಕುಳಿತರು.

ಪೂರ್ಣಿಮಾ ಗೋಡೆಗೆ ಒರಗಿ ನಿಂತಿದ್ದಳು. ಒಬ್ಬರ ಮುಂದೆ ಮಾತಾಡಬೇಕಾದವಳ ಮುಂದೆ ಇಡೀ ಓಣಿ ಬಂದು ಕುಳಿತಿತ್ತು. ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. "ಎಲ್ಲರಿಗೂ ನಮಸ್ಕಾರ!" ಎಂದಳು. ದನಿ ಶೆಡ್ಡಿನದೇ. ಜಂತಿಯ ಮೇಲಿನ ಗುಬ್ಬಿ ಹಾರಿಹೋಯಿತು. ನಾನು ಅಂಗೈ ಕೆಳಗೆ ಮಾಡಿ ಇಳಿಸಿ ತೋರಿಸಿದೆ. ಅದು ನಮ್ಮ ಶೆಡ್ಡಿನ ಸನ್ನೆ, ಸಾವಕಾಶ ಎಂದು. ಅವಳು ಉಸಿರು ಬಿಟ್ಟಳು. ಮತ್ತೆ ಹೇಳಿದಳು. ಈ ಸಲ ದನಿ ಮನುಷ್ಯರ ಅಳತೆಗೆ ಬಂತು.

ಎರಡು ಕಡೆ ತಡವರಿಸಿದಳು. ಒಮ್ಮೆ ಮರೆತು ನಿಂತಳು. ಅಜ್ಜನ ಕೈಮಗ್ಗದ ಕುಣಿಯ, ಅಂದರೆ ಕಾಲು ಇಳಿಬಿಟ್ಟು ಕುಳಿತು ನೇಯುವ ತಗ್ಗಿನ, ಮಾತು ಬಂದಾಗ ಮಾವ ನಡುವೆ ಬಾಯಿ ಹಾಕಿ, "ಕುಣಿ ಅಲ್ಲೇ ಇತ್ತು ನೋಡವಾ, ಈಗ ಟ್ರಂಕ್ ಇಟ್ಟೇವಿ," ಎಂದರು. ಎಲ್ಲರೂ ಆ ಕಡೆ ನೋಡಿದರು. ಅವಳೂ ನೋಡಿದಳು, ಮೆಲ್ಲಗೆ ನಕ್ಕಳು. ಆಮೇಲೆ ಮರೆಯಲಿಲ್ಲ.

ಮುಗಿದ ಮೇಲೆ ವೈಶಾಲಿ ಕಾಲೇಜಿನಲ್ಲಿ ನಡೆದದ್ದನ್ನು ಹೇಳಿದಳು. ಗುರುಬಸವ್ವ ಕೇಳಿದಳು, "ಇದಕ್ಕ ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ದೇನ? ನಾ ಏನೇನೋ ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದಷ್ಟನೋ, ಹೇಳಿನೂ ಬಂದೀಯೋ?" ಎಂದರು ಅತ್ತೆ.

"ನಾಕ ಮನಿಗೆ ಹೇಳೀನಿ."

"ಹಂಗಾರ ಆ ನಾಕೂ ಮನಿಗೆ ಹೋಗಿ ಇದನ್ನೂ ಹೇಳಿ ಬಾ."

ಆದರೂ ಅತ್ತೆಯ ಸಂಶಯ ಪೂರ್ತಿ ಹೋಗಿರಲಿಲ್ಲ. ಶುಕ್ರವಾರ ನನ್ನನ್ನೂ ಕರೆದುಕೊಂಡು ಪೂರ್ಣಿಮಾಳ ಜೊತೆಗೆ ಹೊರಟರು. "ಕಣ್ಣಾರೆ ನೋಡೂತನಕ ನಾ ನಂಬೂದಿಲ್ಲ," ಎಂದರು.

ಗೇಟಿನ ಹತ್ತಿರ ಪೂರ್ಣಿಮಾ ಅದೇ ಜಾಗದಲ್ಲಿ ನಿಂತಳು. ಅದೇ ರೀತಿ ಬ್ಯಾಗಿನ ಪಟ್ಟಿ ಹಿಡಿದಳು. "ನಡಿ, ಯಾಕ ನಿಂತಿ?" ಎಂದು ಅತ್ತೆ ಅವಳ ಕೈ ಹಿಡಿದು ಎಳೆದರು. ಎಳೆದವರು ಹಾಗೇ ನಿಂತರು. ಅವಳ ಇನ್ನೊಂದು ಕೈಯನ್ನೂ ಹಿಡಿದು ನೋಡಿದರು. ಆ ಉರಿಬ್ಯಾಸಗಿಯ ಬಿಸಿಲಿನಲ್ಲಿ ಅವಳ ಕೈಗಳು ಮಂಜುಗಡ್ಡೆಯಂತೆ ತಣ್ಣಗಿದ್ದವು.

"ಯವ್ವಾ," ಎಂದರು ಅತ್ತೆ. "ಮಂಗಲಾ, ಹಿಡಿದು ನೋಡ. ಖರೆನ ಹೆದರ್ಯಾಳ ಇಕಿ." ಅವರ ದನಿಯೇ ಬೇರೆಯಾಗಿತ್ತು. ಮಗಳ ಕೈಗಳನ್ನು ತಮ್ಮ ಅಂಗೈಗಳ ನಡುವೆ ಇಟ್ಟು ಉಜ್ಜಿದರು. "ದಿನಾ ಇಲ್ಲಿ ಹಿಂಗ ನಿಂದರತಿದ್ದೇನವಾ? ನಡಿ, ಮನಿಗೆ ಹೋಗೂಣು. ಬ್ಯಾಡ ಈ ಸುಡಗಾಡ ಸೆಮಿನಾರು."

ಪೂರ್ಣಿಮಾ ಅವ್ವನ ಕೈಯೊಳಗೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡಳು. ಉದ್ದಕ್ಕೆ ಉಸಿರು ಬಿಟ್ಟಳು. "ಇಲ್ಲಬೇ. ಹೋಗತೀನಿ," ಎಂದು ಕೈ ಬಿಡಿಸಿಕೊಂಡು ಒಳಗೆ ನಡೆದಳು. ಬಾಗಿಲಲ್ಲಿ ವೈಶಾಲಿ ಕಾಯುತ್ತಿದ್ದಳು.

ನಾವಿಬ್ಬರೂ ಕ್ಲಾಸಿನ ಕಿಟಕಿಯ ಹೊರಗೆ ನಿಂತೆವು. ಪೂರ್ಣಿಮಾ ಎದ್ದು ಮುಂದೆ ಬಂದಳು. ನಮಸ್ಕಾರ ಹೇಳಿದಳು. ಆ ಮಾತು ಮುಗಿಯುವುದರೊಳಗೆ ಹಿಂದಿನ ಬೆಂಚಿನಿಂದ ಬಂತು, "ಖಟಾಖಟ್ ಖಟಾಖಟ್."

ಅವಳ ಮಾತು ನಿಂತಿತು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಪೂರ್ಣಿಮಾ ಆ ಹುಡುಗರ ಕಡೆ ನೋಡಿದಳು. ಮೇಡಂ ಏನೋ ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಅವಳೇ ಮಾತಾಡಿದಳು. ಪುಸ್ತಕದ ಮಾತಲ್ಲ, ಮನೆಯ ಮಾತು.

"ಹಂಗ ಸಪ್ಪಳ ಮಾಡೂ ಮಗ್ಗ ಕೆಟ್ಟಿರತೈತಿ. ನಮ್ಮಪ್ಪ ಇದ್ದಿದ್ರ ಪಾನಾ ತಗೊಂಡು ರಿಪೇರಿಗೆ ಬರತಿದ್ದ."

ಇಡೀ ಕ್ಲಾಸು ನಕ್ಕಿತು. ಮೇಡಂ ನಕ್ಕರು. ಹಿಂದಿನ ಬೆಂಚಿನವರೂ ನಕ್ಕರು. ಈ ನಗು ಅವಳ ಮೇಲೆ ಬೀಳಲಿಲ್ಲ, ಅವಳ ಜೊತೆ ನಿಂತಿತು. ಅವಳು ಮಾತು ಮುಂದುವರಿಸಿದಳು. ನಡುವೆ ಒಂದು ಕಡೆ ದನಿ ಮತ್ತೆ ಶೆಡ್ಡಿಗೆ ಏರಿತು. ಅವಳೇ ಇಳಿಸಿಕೊಂಡಳು. ಕಾಲು ಕೊನೆಯ ತನಕ ನಡುಗುತ್ತಿತ್ತು, ಚೂಡಿದಾರದ ಅಂಚಿನಲ್ಲಿ ನನಗೆ ಕಾಣುತ್ತಿತ್ತು. ನಡುಗುವ ಕಾಲಿನ ಮೇಲೆ ನಿಂತೇ ಅವಳು ಮುಗಿಸಿದಳು.

ಹೊರಗೆ ಬಂದ ಮೇಡಂ ಅವಳ ಭುಜ ಮುಟ್ಟಿ, "ಅವತ್ತ ನಾ ಹಂಗ ಅನಬಾರದಿತ್ತವಾ," ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದರು, "ಮುಧೋಳದವರಿಗೆ ಹೇಳೂಣು. ಬಿ.ಎ. ಆಗೂತನಕ ತಡೀರಿ ಅಂತ. ತಡಿಯೂದಾಗದಿದ್ರ ಬ್ಯಾರೆ ಕಡೆ ನೋಡಲಿ." ಅಂದು ಸಂಜೆ ಪೂರ್ಣಿಮಾಳ ಡಬ್ಬಿಯನ್ನು ಅತ್ತೆಯೇ ತೆರೆದರು. ಖಾಲಿ ಇತ್ತು. ಅದನ್ನು ತಲೆಕೆಳಗೆ ಮಾಡಿ ನನಗೂ ತೋರಿಸಿದರು.

ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಗನೋ ಮಗಳೋ ಇರಬಹುದು. ಡಬ್ಬಿ ಉಣ್ಣದೆ ತಂದರೆ, ಮಾತು ಕಡಿಮೆ ಮಾಡಿದರೆ, ಕಾಲೇಜಿನ ಹೆಸರು ಎತ್ತಿದೊಡನೆ ಮುಖ ತಗ್ಗಿಸಿದರೆ, ಮೊದಲು ಅವರ ಫೋನು ಹುಡುಕಬೇಡಿ, ಹಿಂದೆ ಆಳು ಕಳಿಸಬೇಡಿ. ಅವರ ಕೈ ಹಿಡಿದು ನೋಡಿ. ಹೆದರಿಕೆ ಎಂದರೆ ನಾಟಕ ಅಲ್ಲ, ಹುಚ್ಚೂ ಅಲ್ಲ. ಅದು ಯಾರಿಗೂ ಬರುತ್ತದೆ, ಹೇಳಿಕೊಂಡರೆ ಇಳಿಯುತ್ತದೆ.

ಕಾಲೇಜಿನ ಗೇಟಿನ ಹೊರಗೆ ನಿಂತಿರುವ ತಂಗಿ, ತಮ್ಮಾ, ನಿನಗೂ ಒಂದು ಮಾತು. ಒಬ್ಬರಿಗೆ ಹೇಳು. ಮನೆಯಲ್ಲಿ, ಗೆಳತಿಗೆ, ಗೆಳೆಯನಿಗೆ, ಕಾಲೇಜಿನ ಮೇಡಂಗೆ, ಸರ್‌ಗೆ. ಯಾರೂ ಸಿಗದಿದ್ದರೆ 14416ಕ್ಕೆ ಫೋನು ಮಾಡು. ದುಡ್ಡು ಬೇಡ. ಹೆದರಿಕೆ ಹೋಗಲಿ ಎಂದು ಕಾಯಬೇಡ, ನಡುಗುತ್ತಲೇ ಒಂದು ಹೆಜ್ಜೆ ಒಳಗಿಡು.

ಮನೆಯವರಿಗೆ ಕೊನೆಯದಾಗಿ ಇಷ್ಟೇ ಕೇಳಿಕೊಳ್ಳುತ್ತೇನೆ. ಮಕ್ಕಳನ್ನು "ಏನಾತವಾ?", "ಏನಾತಪಾ?" ಎಂದು ಕೇಳಿ. ಕೇಳುವಾಗ ಮಗ್ಗ ನಿಲ್ಲಿಸಿ.